ಗುಂಗುರು ಕೂದಲಿಗೆ ಘನತೆ ತಂದ ಮೇಡಮ್ ವಾಕರ್

ಕೊಪ್ಪಳ ನಗರಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಕೂದಲು ಒಂದು ಸರಕು. ಬಾಚುವಾಗ ಉದುರಿದ ಕೂದಲನ್ನು ಊರೂರು ತಿರುಗಿ ಸಂಗ್ರಹಿಸಿ ತರುತ್ತಾರೆ. ಅಲ್ಲಿ ಅದರ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಗಳಿಗೆ ಕಳುಹಿಸುತ್ತಾರೆ. ತಲೆಯಿಂದ ಉದುರಿದ ಕೂದಲಿಗೆ ಇಷ್ಟು ಆರೈಕೆ ದೊರೆಯುವ ಸೀಮೆಯಲ್ಲೇ, ತಲೆಯ ಮೇಲಿದ್ದ ಕೂದಲನ್ನು ಆರೈಕೆ ಮಾಡಲು ತಿಳಿಯದೆ ನಾನೊಂದು ತಪ್ಪು ಮಾಡಿದೆ.

ಕೊಪ್ಪಳವಿನ್ನೂ ರಾಯಚೂರು ಜಿಲ್ಲೆಯ ಭಾಗವಾಗಿದ್ದ ದಿನಗಳಲ್ಲಿ, ಅಂದರೆ 1997ಕ್ಕೂ ಮೊದಲು, ನಾನು ಕುಷ್ಟಗಿಯಲ್ಲಿ ಸರ್ಕಾರಿ ಸೇವೆಯಲ್ಲಿದ್ದೆ. ಆ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಮನೆಗೆ ಬರುತ್ತಿದ್ದ ಕೊಳವೆಬಾವಿಯ ನೀರು ಸಾಬೂನು ನೊರೆಯೇಳದಷ್ಟು ಗಡಸು. ಮಗಳಿಗೆ ದಟ್ಟವಾದ ಗುಂಗುರು ಕೂದಲು. ಪ್ರತಿ ಭಾನುವಾರ ತಲೆಗೆ ನೀರೆರೆದು, ಒಣಗಿದ ಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ಎಳೆಯುವುದು, ಅವಳು ಅಳುವುದು. ಕೊನೆಗೊಂದು ದಿನ ಕ್ಷೌರಿಕನನ್ನು ಕರೆಸಿ ಎಲ್ಲವನ್ನೂ ಕತ್ತರಿಸಿಸಿದೆ. ತೀರ್ಮಾನ ನನ್ನದೇ, ಆಡಳಿತಗಾರನಿಗೆ ಸಹಜವಾದ ತೀರ್ಮಾನ. ತಿಂಗಳುಗಟ್ಟಲೆ ಅವಳು ತಲೆಗೆ ವಸ್ತ್ರ ಸುತ್ತಿಕೊಂಡು ಶಾಲೆಗೆ ಹೋದಳು. ನಿವೃತ್ತಿಯ ಬಳಿಕ ಅಮೆರಿಕದ ಉದ್ಯಮಿ ಮೇಡಮ್ ಸಿ. ಜೆ. ವಾಕರ್ ಅವರ ಬದುಕಿನ ವಿವರಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ವಸ್ತ್ರ.

ಆಕೆಯ ಮೂಲ ಹೆಸರು ಸಾರಾ ಬ್ರೀಡ್‌ಲವ್. ಹುಟ್ಟಿದ್ದು 1867ರ ಡಿಸೆಂಬರ್ 23ರಂದು, ಲೂಸಿಯಾನ ರಾಜ್ಯದ ಡೆಲ್ಟಾ ಎಂಬ ಹಳ್ಳಿಯ ಹತ್ತಿ ತೋಟದಲ್ಲಿ. ತಂದೆತಾಯಿಗಳು ಅದೇ ತೋಟದಲ್ಲಿ ಗುಲಾಮರಾಗಿದ್ದವರು. 1865ರಲ್ಲಿ ಗುಲಾಮಗಿರಿ ರದ್ದಾದ್ದರಿಂದ, ಆ ಕುಟುಂಬದಲ್ಲಿ ಸ್ವತಂತ್ರವಾಗಿ ಜನಿಸಿದ ಮೊದಲ ಮಗು ಈಕೆ. ಏಳನೆಯ ವಯಸ್ಸಿಗೆ ಅನಾಥೆ, ಹದಿನಾಲ್ಕಕ್ಕೆ ಮದುವೆ. ಅಕ್ಕನ ಗಂಡನ ಕ್ರೌರ್ಯದಿಂದ ಪಾರಾಗಲು ಆ ಮದುವೆಯೊಂದೇ ದಾರಿಯಾಗಿತ್ತು. 1885ರಲ್ಲಿ ಮಗಳು ಲಿಲಿಯಾ ಹುಟ್ಟಿದಳು. ಇಪ್ಪತ್ತಕ್ಕೆ ಸಾರಾ ವಿಧವೆ. ಕ್ಷೌರಿಕ ವೃತ್ತಿಯಲ್ಲಿದ್ದ ಅಣ್ಣಂದಿರನ್ನು ನಂಬಿ ಸೇಂಟ್ ಲೂಯಿಸ್ ನಗರಕ್ಕೆ ಬಂದು, ಮುಂದೆ ಹಲವು ವರ್ಷ ಪರರ ಬಟ್ಟೆ ಒಗೆದಳು. ದಿನದ ಸಂಪಾದನೆ ಒಂದು ಡಾಲರಿನ ಆಚೀಚೆ.

ಅಲ್ಲಿಯೇ ಆಕೆಯ ಕೂದಲು ಉದುರತೊಡಗಿತು. ಅದು ಆಕೆಯೊಬ್ಬಳ ಪಾಡಾಗಿರಲಿಲ್ಲ. ಮನೆಯೊಳಗೆ ನಲ್ಲಿಯಿಲ್ಲದ ಬಡವರು ತಲೆ ತೊಳೆಯುತ್ತಿದ್ದುದೇ ಅಪರೂಪಕ್ಕೆ. ತೊಳೆದಾಗ ಬಳಸುತ್ತಿದ್ದುದು ಚರ್ಮ ಸುಡುವ ಕ್ಷಾರದ ಸಾಬೂನು. ಹೊಟ್ಟು, ಹುಣ್ಣು, ಬೋಳು ಮಚ್ಚೆಗಳು ಸಾಮಾನ್ಯವಾಗಿದ್ದವು. ಗುಂಗುರು ಕೂದಲಿನ ರಚನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅದು ಬಾಗಿದ ಬುಡದಿಂದ ಹೊರಡುತ್ತದೆ. ಎಳೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ನೆತ್ತಿಯ ಜಿಡ್ಡು ಆ ಸುರುಳಿಗಳನ್ನು ಇಳಿದು ತುದಿ ಮುಟ್ಟುವುದು ಕಷ್ಟ. ಆದ್ದರಿಂದ ಎಳೆ ಒಣಗುತ್ತದೆ, ತಿರುವಿನಲ್ಲಿ ಮುರಿಯುತ್ತದೆ. ಅದಕ್ಕೆ ಬೇಕಾದದ್ದು ಮೃದುವಾದ ತೊಳೆತ, ತೇವ ಹಿಡಿದಿಡುವ ಲೇಪ, ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ನಿಧಾನವಾಗಿ ಬಿಡಿಸುವ ಸಹನೆ. ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಮಕ್ಕಳ ಕೂದಲಿಗೂ, ಕುಷ್ಟಗಿಯಲ್ಲಿದ್ದ ನನ್ನ ಮಗಳ ಕೂದಲಿಗೂ ಇದೇ ನಿಯಮ. ನಾವು ಮಾಡಿದ್ದು ಪ್ರತಿಯೊಂದರಲ್ಲೂ ಇದಕ್ಕೆ ತದ್ವಿರುದ್ಧ.

ಸಾರಾ ಮೊದಲು ಆನಿ ಟರ್ನ್‌ಬೊ ಎಂಬ ಕಪ್ಪು ಮಹಿಳಾ ಉದ್ಯಮಿಯ ಕೇಶಲೇಪವನ್ನು ಮನೆಮನೆಗೆ ಮಾರಿದಳು. 1905ರಲ್ಲಿ ಡೆನ್ವರ್‌ಗೆ ತೆರಳಿ, ಅಡುಗೆ ಕೆಲಸ ಮಾಡುತ್ತ ತನ್ನದೇ ಲೇಪ ತಯಾರಿಸಿದಳು. ಅದರ ಮುಖ್ಯ ಸಾಮಗ್ರಿ ಗಂಧಕ ಮತ್ತು ಪೆಟ್ರೋಲಿಯಂ ಜೆಲ್ಲಿ. ಕನಸಿನಲ್ಲಿ ಆಫ್ರಿಕದ ಪುರುಷನೊಬ್ಬ ಸೂತ್ರ ತಿಳಿಸಿದನೆಂದು ಆಕೆ ಹೇಳಿಕೊಂಡದ್ದುಂಟು. ಗಂಧಕವು ಚರ್ಮರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿದ್ದ ಔಷಧವಾದ್ದರಿಂದ ಕನಸನ್ನು ನಾವು ಜಾಹೀರಾತಿನ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಆನಿಯೂ ತನ್ನ ಸೂತ್ರವನ್ನೇ ಅನುಕರಿಸಿದ್ದಾರೆಂದು ದೂರುತ್ತಿದ್ದಳು. 1906ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ವಿವಾಹವಾದ ಮೇಲೆ ಆಕೆ ಮೇಡಮ್ ಸಿ. ಜೆ. ವಾಕರ್ ಆದರು. ಬಿಳಿಯರು ಕಪ್ಪು ಹೆಂಗಸರನ್ನು ಬರಿಯ ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಮೇಡಮ್ ಎಂಬ ಪದಕ್ಕೆ ಎಷ್ಟು ತೂಕವಿತ್ತೆಂಬುದು ಏಕವಚನದ ಸಂಬೋಧನೆ ಕಂಡಿರುವ ನಮಗೆ ಬೇಗ ಅರ್ಥವಾದೀತು. ನಾನೂ ಇಲ್ಲಿಂದ ಬಹುವಚನವನ್ನೇ ಬಳಸುತ್ತೇನೆ.

1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನ ತರಬೇತಿ ಶಾಲೆ, 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕೇಂದ್ರ ಕಚೇರಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆದದ್ದು ಲೇಪವಲ್ಲ, ಮಾರಾಟದ ವ್ಯವಸ್ಥೆ. ಅದರಲ್ಲಿ ಅಂಗಡಿಗಿಂತ ತರಬೇತಿ ಪಡೆದ ಪ್ರತಿನಿಧಿಗಳೇ ಮುಖ್ಯ. ಮನೆಗೆಲಸ, ಹೊಲಗೆಲಸ, ಬಟ್ಟೆ ಒಗೆತ ಬಿಟ್ಟರೆ ಬೇರೆ ದುಡಿಮೆಯಿಲ್ಲದ ಹೆಂಗಸರು ನೆತ್ತಿಯ ಆರೈಕೆ ಕಲಿತು, ಸ್ವಂತ ಗಿರಾಕಿಗಳನ್ನು ಸಂಪಾದಿಸಿ, ಕೂಲಿಯಿಂದ ವ್ಯಾಪಾರಕ್ಕೆ ದಾಟಿದರು. ಇಂಥ ಪ್ರತಿನಿಧಿಗಳ ಸಂಖ್ಯೆ ಇಪ್ಪತ್ತು ಸಾವಿರವೆಂದು ಕಂಪನಿ ಹೇಳಿಕೊಳ್ಳುತ್ತಿತ್ತು. ಅದರಲ್ಲಿ ಉತ್ಪ್ರೇಕ್ಷೆ ಕಳೆದರೂ ಸಾಧನೆ ಸಣ್ಣದಲ್ಲ.

1912ರಲ್ಲಿ ಷಿಕಾಗೊದಲ್ಲಿ ಕಪ್ಪು ವರ್ತಕರ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಧ್ಯಕ್ಷ ಬೂಕರ್ ಟಿ. ವಾಷಿಂಗ್ಟನ್ ಆಕೆಗೆ ಮಾತನಾಡಲು ಅವಕಾಶ ನೀಡಲಿಲ್ಲ. ಕೊನೆಯ ದಿನ ಅವರು ತಾವಾಗಿಯೇ ಎದ್ದು ನಿಂತು, ಹತ್ತಿಯ ಹೊಲದಿಂದ ಬಟ್ಟೆ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ಬಂದ ಬಗೆಯನ್ನು ಸಭೆಗೆ ತಿಳಿಸಿದರು. ಮರುವರ್ಷ ಅದೇ ವೇದಿಕೆಗೆ ಅವರನ್ನು ಆಹ್ವಾನಿಸಲಾಯಿತು.

ಕೂದಲನ್ನು ನೇರಗೊಳಿಸಿ ಬಿಳಿಯರಂತೆ ಕಾಣುವ ಆಸೆ ಹುಟ್ಟಿಸಿದರೆಂಬ ಆಕ್ಷೇಪ ಅವರ ಕಾಲದಿಂದಲೂ ಇದೆ. ಅದು ಪೂರ್ತಿ ಸುಳ್ಳಲ್ಲ. ಅವರ ಪದ್ಧತಿಯಲ್ಲಿ ಕಾಯಿಸಿದ ಲೋಹದ ಬಾಚಣಿಗೆಯೂ ಇತ್ತು, ಅದನ್ನು ಅವರು ಕಂಡುಹಿಡಿದವರಲ್ಲವಾದರೂ. ತಮ್ಮದು ಕೂದಲು ನೇರಗೊಳಿಸುವ ವೃತ್ತಿಯಲ್ಲ, ನೆತ್ತಿಯ ಆರೋಗ್ಯದ್ದು ಎಂದು ಅವರು ಕಡೆಯವರೆಗೂ ವಾದಿಸಿದರು. ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಬೋಳಾಗುತ್ತಿದ್ದ ತಲೆಗೆ ಮೊದಲು ಬೇಕಾದದ್ದು ಕೂದಲು. ಅದು ಸುರುಳಿಯೋ ನೇರವೋ ಎಂಬುದು ಆಮೇಲಿನ ಪ್ರಶ್ನೆ.

ಹಣ ಕೈಗೆ ಬಂದ ಮೇಲೆ ಅದನ್ನು ಖರ್ಚು ಮಾಡಲು ಅವರಿಗೆ ಸಂಕೋಚವಿರಲಿಲ್ಲ. ಹಡ್ಸನ್ ನದಿಯ ಬಳಿ ಅವರು ಕಟ್ಟಿಸಿದ ಭವನ 1918ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಪ್ಪು ಯುವಕರ ವೈಎಂಸಿಎ ಕಟ್ಟಡಕ್ಕೆ ಸಾವಿರ ಡಾಲರ್ ನೀಡಿದ್ದರು. ಅವರ ಹಳೆಯ ಕೂಲಿಯ ಲೆಕ್ಕದಲ್ಲಿ ಅದು ಸುಮಾರು ಮೂರು ವರ್ಷಗಳ ದುಡಿಮೆ. 1917ರಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರ ಹತ್ಯೆಗಳಾದಾಗ, ಗುಂಪುಹತ್ಯೆಯ ವಿರುದ್ಧ ಕಾನೂನು ಕೋರಿ ಶ್ವೇತಭವನಕ್ಕೆ ಹೋದ ನಿಯೋಗದಲ್ಲಿ ಅವರೂ ಇದ್ದರು. ಅಧ್ಯಕ್ಷ ವಿಲ್ಸನ್ ಭೇಟಿಗೆ ಸಿಗಲಿಲ್ಲ. ಅದೇ ತಿಂಗಳು ಫಿಲಡೆಲ್ಫಿಯಾದಲ್ಲಿ ಸೇರಿದ ತಮ್ಮ ಪ್ರತಿನಿಧಿಗಳ ಸಮಾವೇಶದಲ್ಲಿ, ಹೆಚ್ಚು ಮಾರಿದವರ ಜೊತೆಗೆ ಹೆಚ್ಚು ದಾನ ಮಾಡಿದವರಿಗೂ ಬಹುಮಾನ ಕೊಟ್ಟರು.

ರಕ್ತದೊತ್ತಡದಿಂದ ಮೂತ್ರಪಿಂಡಗಳು ಸೋತು, 1919ರ ಮೇ 25ರಂದು ಅವರು ತೀರಿಕೊಂಡಾಗ ವಯಸ್ಸು ಐವತ್ತೊಂದು. ಅದಕ್ಕೆ ಸ್ವಲ್ಪ ಮೊದಲು ಗುಂಪುಹತ್ಯೆ ವಿರೋಧಿ ನಿಧಿಗೆ ಐದು ಸಾವಿರ ಡಾಲರ್ ಘೋಷಿಸಿದ್ದರು. ಉಯಿಲಿನಲ್ಲಿ ಕಂಪನಿಯ ಮುಂದಿನ ನಿವ್ವಳ ಲಾಭದ ಮೂರನೆಯ ಎರಡು ಭಾಗವನ್ನು ದಾನಕ್ಕೆ ಬರೆದಿಟ್ಟು, ಕಂಪನಿಯನ್ನು ಮಗಳು ಲಿಲಿಯಾಳ ಕೈಗೆ ಒಪ್ಪಿಸಿದ್ದರು.