ಒಬ್ಬ ಕಪ್ಪು ನಿವಾಸಿಯೂ ಇಲ್ಲದ ಊರಲ್ಲಿ ಆರು ಜನ ಕಪ್ಪು ‘ಹುಚ್ಚರು’: ಸರ್ಕಾರಿ ಲೆಕ್ಕದ ಸುಳ್ಳು ಬಯಲು ಮಾಡಿದ ಡಾ. ಜೇಮ್ಸ್ ಮೆಕ್ಯೂನ್ ಸ್ಮಿತ್

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಸ್ಕಾರ್ಬರೋ ಎಂಬ ಊರಿದೆ. 1840ರ ಜನಗಣತಿ ಪ್ರಕಾರ ಆ ಊರಿನಲ್ಲಿದ್ದ ಕಪ್ಪು ಜನರ ಸಂಖ್ಯೆ ಸೊನ್ನೆ. ಅದೇ ಜನಗಣತಿ ಪ್ರಕಾರ ಅದೇ ಊರಿನಲ್ಲಿದ್ದ ಮಾನಸಿಕ ಅಸ್ವಸ್ಥ ಕಪ್ಪು ಜನರ ಸಂಖ್ಯೆ ಆರು. ಬೇಕಿದ್ದರೆ ಇನ್ನೊಮ್ಮೆ ಓದಿ, ನಾವು ತಪ್ಪಾಗಿ ಟೈಪ್ ಮಾಡಿಲ್ಲ.

ಇದು ಯಾರೋ ಹಬ್ಬಿಸಿದ ಗಾಳಿಸುದ್ದಿಯಾಗಿರಲಿಲ್ಲ. ಅಮೆರಿಕ ಸರ್ಕಾರವೇ ಅಚ್ಚು ಹಾಕಿಸಿದ ಪುಸ್ತಕದಲ್ಲಿತ್ತು. ಇಂಥ ಅಂಕಿಗಳನ್ನು ಕೂಡಿಸಿ, ಕಪ್ಪು ಜನರನ್ನು ಗುಲಾಮಗಿರಿಯಿಂದ ಬಿಡಿಸಿದರೆ ಅವರ ತಲೆ ಕೆಡುತ್ತದೆ, ಅವರ ಒಳ್ಳೆಯದಕ್ಕಾಗಿಯೇ ಗುಲಾಮಗಿರಿ ಇರಬೇಕು ಎಂದು ವಾದಿಸಲಾಯಿತು. ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಎಷ್ಟೋ ಸಲ ಕೊನೆಯ ಸಾಲು ‘ಇದು ಸರ್ಕಾರದ್ದೇ ಲೆಕ್ಕ’ ಎಂದಿರುತ್ತದೆ. ಆ ಸಾಲು ನೋಡಿದಾಗಲೆಲ್ಲ ನಮಗೆ ನೆನಪಾಗುವುದು ಡಾ. ಜೇಮ್ಸ್ ಮೆಕ್ಯೂನ್ ಸ್ಮಿತ್. ವೈದ್ಯಕೀಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರು.

ಕುಲುಮೆಯಿಂದ ಗ್ಲಾಸ್ಗೋಗೆ

ಅವರು ಹುಟ್ಟಿದ್ದು 1813ರ ಏಪ್ರಿಲ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಾಯಿ ಲವಿನಿಯಾ ಗುಲಾಮಳಾಗಿದ್ದು ಆಮೇಲೆ ಬಿಡುಗಡೆ ಪಡೆದವರು. ತಂದೆ ಬಿಳಿಯ ವ್ಯಾಪಾರಿ ಎನ್ನಲಾಗುತ್ತದೆ, ಮಗನ ಬದುಕಿನಲ್ಲಿ ಅವರ ಸುಳಿವೇ ಇಲ್ಲ. ಬಾಲಕ ಓದಿದ್ದು ಕಪ್ಪು ಮಕ್ಕಳಿಗಾಗಿಯೇ ಇದ್ದ ಆಫ್ರಿಕನ್ ಫ್ರೀ ಸ್ಕೂಲ್‌ನಲ್ಲಿ. 1824ರಲ್ಲಿ ಫ್ರಾನ್ಸ್‌ನ ಲಾಫಾಯೆಟ್ ಆ ಶಾಲೆಗೆ ಭೇಟಿ ಕೊಟ್ಟಾಗ ಸ್ವಾಗತ ಭಾಷಣ ಮಾಡಿದ್ದು 11 ವರ್ಷದ ಈ ಹುಡುಗ. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸೇನಾನಿಯನ್ನು ಸ್ವಾಗತಿಸುತ್ತಿದ್ದ ಆ ಮಗುವಿಗೇ ಆಗಿನ್ನೂ ಕಾನೂನಿನ ಪ್ರಕಾರ ಸ್ವಾತಂತ್ರ್ಯ ಇರಲಿಲ್ಲ. 1827ರ ಜುಲೈ 4ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡಾಗ ಅವರಿಗೂ ಬಿಡುಗಡೆಯಾಯಿತು.

ಶಾಲೆ ಮುಗಿದ ಮೇಲೆ ಕಮ್ಮಾರಿಕೆ. ಕುಲುಮೆಯ ಮುಂದೆ ಒಂದು ಕೈಯಲ್ಲಿ ತಿದಿ, ಇನ್ನೊಂದು ಕೈಯಲ್ಲಿ ಲ್ಯಾಟಿನ್ ವ್ಯಾಕರಣ ಹಿಡಿದಿರುತ್ತಿದ್ದರು ಎಂದು ಶಾಲೆಯ ಗೆಳೆಯರೊಬ್ಬರು ನೆನಪಿಸಿಕೊಂಡಿದ್ದಾರೆ. ಕೊಲಂಬಿಯಾ ಮತ್ತು ಜಿನೀವಾ ಎಂಬ ಎರಡು ಕಾಲೇಜುಗಳಿಗೆ ಅರ್ಜಿ ಹಾಕಿದರು. ಎರಡೂ ಕಡೆ ಬಾಗಿಲು ಮುಚ್ಚಿತ್ತು, ಕಾರಣ ಬಣ್ಣ. ಪಾದ್ರಿ ಪೀಟರ್ ವಿಲಿಯಮ್ಸ್ ಮತ್ತು ಸಮುದಾಯದ ಇತರರು ಹಣ ಹೊಂದಿಸಿ 1832ರಲ್ಲಿ ಅವರನ್ನು ಹಡಗು ಹತ್ತಿಸಿದರು. ಸ್ಕಾಟ್ಲೆಂಡ್‌ನ ಗ್ಲಾಸ್ಗೋ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತು. 1835ರಲ್ಲಿ ಬಿಎ, 1836ರಲ್ಲಿ ಎಂಎ, 1837ರಲ್ಲಿ ಎಂಡಿ.

ಗ್ಲಾಸ್ಗೋದಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. ಲೈಂಗಿಕ ರೋಗಗಳಿದ್ದ ಬಡ ಹೆಂಗಸರನ್ನು ಇಡುತ್ತಿದ್ದ ಲಾಕ್ ಆಸ್ಪತ್ರೆಯಲ್ಲಿ ಅವರು ತರಬೇತಿ ಪಡೆದರು. ಅಲ್ಲಿನ ಹಿರಿಯ ವೈದ್ಯರೊಬ್ಬರು ಆ ಹೆಂಗಸರ ಮೇಲೆ ಸಿಲ್ವರ್ ನೈಟ್ರೇಟ್ ಪ್ರಯೋಗಿಸಿ, ಚಿಕಿತ್ಸೆ ಯಶಸ್ವಿ ಎಂದು ಬರೆದುಕೊಂಡಿದ್ದರು. ಸ್ಮಿತ್ ರೋಗಿಗಳ ದಾಖಲೆ ನೋಡಿದರು. ವರದಿಗೂ ದಾಖಲೆಗೂ ತಾಳೆಯಾಗಲಿಲ್ಲ. 1837ರಲ್ಲಿ ಲಂಡನ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಅದನ್ನು ಬಯಲಿಗೆಳೆದರು. ಪದವಿಯ ಶಾಯಿಯೇ ಆರಿರದ 24ರ ಯುವಕ ಹಿರಿಯರೊಬ್ಬರ ಮೇಲೆ ಹೀಗೆ ಬರೆಯುವುದು ಸಣ್ಣ ಮಾತಲ್ಲ. ಹೇಳಿಕೆ ಬಂದಾಗ ಮೂಲ ದಾಖಲೆ ತೆಗೆದು ನೋಡುವ ಅಭ್ಯಾಸ ಅವರಿಗೆ ಆಗಲೇ ಇತ್ತು.

ಅದೇ ವರ್ಷ ನ್ಯೂಯಾರ್ಕ್‌ಗೆ ಮರಳಿ ಕ್ಲಿನಿಕ್ ಮತ್ತು ಔಷಧಿ ಅಂಗಡಿ ತೆರೆದರು. ಕಪ್ಪು ರೋಗಿಗಳೂ ಬಿಳಿ ರೋಗಿಗಳೂ ಬರುತ್ತಿದ್ದರು. ತಲೆಬುರುಡೆಯ ಉಬ್ಬುತಗ್ಗು ಮುಟ್ಟಿ ಬುದ್ಧಿ, ಗುಣ ಹೇಳುವ ‘ಫ್ರೆನಾಲಜಿ’ ಆಗ ಭಾರಿ ಜನಪ್ರಿಯವಾಗಿತ್ತು. ಇದು ಏಕೆ ವಿಜ್ಞಾನವಲ್ಲ ಎಂದು ಸ್ಮಿತ್ ಸಾರ್ವಜನಿಕ ಉಪನ್ಯಾಸ ಕೊಟ್ಟರು. ಇಷ್ಟಾದರೂ ನಗರದ ವೈದ್ಯರ ಸಂಘದಲ್ಲಿ ತಮ್ಮ ವರದಿಯನ್ನು ತಾವೇ ಓದುವ ಹಕ್ಕು ಅವರಿಗಿರಲಿಲ್ಲ. 1840ರಲ್ಲಿ ಅವರ ವರದಿಯನ್ನು ಬಿಳಿಯ ಸಹೋದ್ಯೋಗಿಯೊಬ್ಬರು ಓದಿದರು.

ಒಂದು ಕಾಲಂ ಆಚೀಚೆ

ಈಗ ಜನಗಣತಿಗೆ ಬರೋಣ. ಅಮೆರಿಕ ಮೊದಲ ಬಾರಿ ಮಾನಸಿಕ ಅಸ್ವಸ್ಥರನ್ನು ಎಣಿಸಿದ್ದು 1840ರಲ್ಲಿ. ಮಾನಸಿಕ ಕಾಯಿಲೆ ಇದ್ದವರು, ಬುದ್ಧಿಮಾಂದ್ಯತೆ ಇದ್ದವರು ಎಲ್ಲರನ್ನೂ ಒಂದೇ ಕಾಲಂಗೆ ತುಂಬಲಾಗಿತ್ತು. ಎಣಿಸಿದವರು ವೈದ್ಯರಲ್ಲ, ಮನೆಮನೆಗೆ ಹೋಗುತ್ತಿದ್ದ ಗಣತಿದಾರರು. ನಮ್ಮಲ್ಲಿ ಜನಗಣತಿಗೆ ಬರುವ ಮೇಷ್ಟ್ರ ಕೈಯಲ್ಲಿನ ಉದ್ದನೆಯ ಫಾರಂ ನೀವು ನೋಡಿರಬಹುದು. ಅದಕ್ಕಿಂತ ಇಕ್ಕಟ್ಟಾದ, ಹತ್ತಾರು ಕಾಲಂಗಳ ಹಾಳೆಯನ್ನು ಊಹಿಸಿಕೊಳ್ಳಿ. ಬಿಳಿಯರ ಕಾಲಂಗಳು, ಕಪ್ಪು ಜನರ ಕಾಲಂಗಳು ಪಕ್ಕಪಕ್ಕದಲ್ಲಿ. ಕೈ ಸ್ವಲ್ಪ ಜಾರಿದರೂ ಬಿಳಿ ಮನೆಯ ಮರೆವಿನ ಅಜ್ಜ ಕಪ್ಪು ಜನರ ಲೆಕ್ಕಕ್ಕೆ ಸೇರುತ್ತಿದ್ದರು.

ಉತ್ತರದ ರಾಜ್ಯಗಳಲ್ಲಿ ಬಿಳಿಯರು ಲಕ್ಷಗಟ್ಟಲೆ, ಕಪ್ಪು ಜನರು ಬೆರಳೆಣಿಕೆ. ಹಾಗಾಗಿ ಕೆಲವೇ ತಪ್ಪು ನಮೂದು ಸಾಕು, ಕಪ್ಪು ಜನರ ಪ್ರಮಾಣ ಆಕಾಶಕ್ಕೇರಲು. ಫಲಿತಾಂಶ ಹೀಗೆ ಬಂತು: ಗುಲಾಮಗಿರಿ ಇಲ್ಲದ ರಾಜ್ಯಗಳಲ್ಲಿ ಕಪ್ಪು ಜನರಲ್ಲಿ 162ಕ್ಕೆ ಒಬ್ಬರು ಅಸ್ವಸ್ಥರು, ಗುಲಾಮಗಿರಿ ಇದ್ದ ರಾಜ್ಯಗಳಲ್ಲಿ 1,558ಕ್ಕೆ ಒಬ್ಬರು. ಮೇಯ್ನ್‌ನಲ್ಲಂತೂ 14ಕ್ಕೆ ಒಬ್ಬರು! ದಕ್ಷಿಣದಲ್ಲಿ ಗುಲಾಮರ ಬಗ್ಗೆ ಗಣತಿದಾರರಿಗೆ ಉತ್ತರ ಕೊಡುತ್ತಿದ್ದವರು ಮಾಲೀಕರು ಎಂಬುದನ್ನೂ ಮರೆಯಬೇಡಿ.

ಅತಿ ದೊಡ್ಡ ಎಡವಟ್ಟು ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ. ಅಲ್ಲಿದ್ದ 151 ಕಪ್ಪು ನಿವಾಸಿಗಳಲ್ಲಿ 133 ಜನ ಅಸ್ವಸ್ಥರು ಎಂದು ದಾಖಲಾಗಿತ್ತು. ವೂಸ್ಟರ್‌ನಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆ ಇತ್ತು. ಆ 133 ಜನ ಅಲ್ಲಿದ್ದ ಬಿಳಿ ರೋಗಿಗಳು.

ಇದನ್ನು ಮೊದಲು ಹಿಡಿದವರಲ್ಲಿ ಎಡ್ವರ್ಡ್ ಜಾರ್ವಿಸ್ ಎಂಬ ಬಿಳಿಯ ವೈದ್ಯರೂ ಇದ್ದರು. ಅವರ ಕಥೆ ನಮಗೆ ಇಷ್ಟ. 1842ರಲ್ಲಿ ಅವರೂ ಅಂಕಿಗಳನ್ನು ನಂಬಿ, ಗುಲಾಮಗಿರಿ ಮನಸ್ಸನ್ನು ಕಾಪಾಡುತ್ತದೇನೋ ಎಂಬರ್ಥದ ಲೇಖನ ಬರೆದರು. ನಂತರ ಊರೂರಿನ ಲೆಕ್ಕ ನೋಡಿ ಬೆಚ್ಚಿಬಿದ್ದು, ಅದೇ ವರ್ಷ ಅದೇ ಪತ್ರಿಕೆಯಲ್ಲಿ ತಮ್ಮ ತಪ್ಪು ಒಪ್ಪಿಕೊಂಡರು.

ಆದರೆ ಸುಳ್ಳು ಅಷ್ಟರಲ್ಲಿ ದೂರ ಹೋಗಿತ್ತು. ವಿದೇಶಾಂಗ ಕಾರ್ಯದರ್ಶಿ ಜಾನ್ ಕಾಲ್‌ಹೌನ್ 1844ರಲ್ಲಿ ಬ್ರಿಟನ್ ರಾಯಭಾರಿಗೆ ಅಧಿಕೃತ ಪತ್ರ ಬರೆದು, ಟೆಕ್ಸಸ್ಸನ್ನು ಅಮೆರಿಕಕ್ಕೆ ಸೇರಿಸಿಕೊಳ್ಳುವುದನ್ನೂ ಗುಲಾಮಗಿರಿಯನ್ನೂ ಇದೇ ಅಂಕಿಗಳಿಂದ ಸಮರ್ಥಿಸಿದರು. ಪತ್ರದ ದಿನಾಂಕ ಏಪ್ರಿಲ್ 18. ಸ್ಮಿತ್ ಅವರ 31ನೇ ಹುಟ್ಟುಹಬ್ಬ. ಕಾಕತಾಳೀಯ, ಅಷ್ಟೇ.

ಸ್ಮಿತ್ ಆ ವರ್ಷದ ಆರಂಭದಲ್ಲೇ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಗೆ ಸರಣಿ ಪತ್ರಗಳನ್ನು ಬರೆದಿದ್ದರು. ನಂತರ ನಗರದ ಕಪ್ಪು ನಾಗರಿಕರ ಪರವಾಗಿ ಸೆನೆಟ್‌ಗೆ ಮನವಿ ಸಿದ್ಧಪಡಿಸಿದರು. ಅವರ ವಿಧಾನ ಸರಳ. ಜನಗಣತಿಯನ್ನು ಜನಗಣತಿಯ ಎದುರೇ ನಿಲ್ಲಿಸುವುದು. ಒಂದು ಕಾಲಂನಲ್ಲಿ ಕಪ್ಪು ನಿವಾಸಿಗಳು ಸೊನ್ನೆ, ಇನ್ನೊಂದರಲ್ಲಿ ಕಪ್ಪು ಅಸ್ವಸ್ಥರು ಆರು, ನಾಲ್ಕು, ಎರಡು. ಇಂಥ ಊರುಗಳನ್ನು ಎತ್ತಿ ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಅದೇ ಜನಗಣತಿಯ ವಯಸ್ಸಿನ ಪಟ್ಟಿ ತೆಗೆದು, ಗುಲಾಮರಿಗಿಂತ ಸ್ವತಂತ್ರ ಕಪ್ಪು ಜನರಲ್ಲೇ ಹೆಚ್ಚಿನ ಪಾಲು ಜನ ನಡುವಯಸ್ಸು ದಾಟಿ ಬದುಕುತ್ತಾರೆ ಎಂದು ಲೆಕ್ಕ ಹಾಕಿದರು. ಸ್ವಾತಂತ್ರ್ಯ ಮಾರಕ ಎನ್ನುವವರಿಗೆ ಇದು ನೇರ ಉತ್ತರ.

ಆಗಷ್ಟೇ ಹುಟ್ಟಿದ್ದ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಕೂಡ 1844ರಲ್ಲಿ ಸಂಸತ್ತಿಗೆ ಮನವಿ ಕೊಟ್ಟಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸದನದಲ್ಲಿ ಬೆನ್ನು ಹತ್ತಿದರು. ತಪ್ಪುಗಳು ಎಷ್ಟೊಂದಿವೆ ಎಂದರೆ ಒಂದನ್ನೊಂದು ಸರಿದೂಗಿಸುತ್ತವೆ ಎಂಬ ಧಾಟಿಯ ಉತ್ತರ ಕಾಲ್‌ಹೌನ್‌ರಿಂದ ಬಂತೆಂದು ಆಡಮ್ಸ್ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಕೊನೆಗೆ ತನಿಖೆಗೆ ನೇಮಕವಾದವರು ಯಾರು ಗೊತ್ತೇ? ಆ ಜನಗಣತಿಯ ಉಸ್ತುವಾರಿ ನೋಡಿಕೊಂಡಿದ್ದ ಅಧಿಕಾರಿಯೇ. ಎಲ್ಲ ಸರಿಯಿದೆ ಎಂದು ಅವರು ವರದಿ ಕೊಟ್ಟರು. ಅಚ್ಚಾದ ಸಂಪುಟ ತಿದ್ದುಪಡಿಯಾಗಲಿಲ್ಲ.

ಓಡಿಹೋಗುವುದೇ ಕಾಯಿಲೆ!

ತಿದ್ದದ ಸುಳ್ಳಿನ ಮೇಲೆ ಇನ್ನಷ್ಟು ಸುಳ್ಳು ಬೆಳೆಯಿತು. 1851ರಲ್ಲಿ ಲೂಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ‘ಡ್ರಾಪೆಟೊಮೇನಿಯಾ’ ಎಂಬ ಹೊಸ ಮಾನಸಿಕ ಕಾಯಿಲೆ ಕಂಡುಹಿಡಿದಿದ್ದಾಗಿ ಪ್ರಕಟಿಸಿದರು. ಲಕ್ಷಣ ಒಂದೇ: ಗುಲಾಮ ಮಾಲೀಕನಿಂದ ತಪ್ಪಿಸಿಕೊಂಡು ಓಡಿಹೋಗುವುದು. ಕಾಯಿಲೆ ಬಾರದಂತೆ ತಡೆಯಲು ಅವರು ಸೂಚಿಸಿದ ಉಪಾಯಗಳಲ್ಲಿ ಚಾಟಿಯೇಟೂ ಇತ್ತು.

ಸ್ಮಿತ್ ಮನೋವೈದ್ಯರಾಗಿರಲಿಲ್ಲ. 1846ರಿಂದ ಸುಮಾರು ಎರಡು ದಶಕ ಅವರು ನ್ಯೂಯಾರ್ಕ್‌ನ ‘ಕಲರ್ಡ್ ಆರ್ಫನ್ ಅಸೈಲಂ’ ಎಂಬ ಕಪ್ಪು ಮಕ್ಕಳ ಅನಾಥಾಲಯದ ವೈದ್ಯರಾಗಿದ್ದರು. ಅದಕ್ಕೂ ಮೊದಲು ಅಲ್ಲಿ ಮಕ್ಕಳು ಸತ್ತಾಗ, ಅವರ ಜನಾಂಗದ ದೇಹಪ್ರಕೃತಿಯೇ ಹಾಗೆ ಎಂದು ಅಲ್ಲಿನ ಬಿಳಿಯ ವೈದ್ಯರು ಬರೆದಿದ್ದರು. ಸ್ಮಿತ್ ಪತ್ರಿಕೆಯಲ್ಲಿ ಅದನ್ನು ಪ್ರಶ್ನಿಸಿದ್ದರು. ಮಕ್ಕಳು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಎಂಬುದನ್ನು ಬಿಟ್ಟು ಚರ್ಮದಲ್ಲಿ ಕಾರಣ ಹುಡುಕುವುದನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಅವರೂ ಪತ್ನಿ ಮಾಲ್ವಿನಾ ಕೂಡ ತಮ್ಮದೇ ಹಲವು ಮಕ್ಕಳನ್ನು ಎಳೆವಯಸ್ಸಿನಲ್ಲೇ ಕಳೆದುಕೊಂಡವರು.

1863ರ ಜುಲೈ 13ರಂದು, ಸೇನೆಗೆ ಕಡ್ಡಾಯ ಭರ್ತಿ ವಿರೋಧಿಸಿ ಎದ್ದ ಬಿಳಿಯರ ಗುಂಪು ಆ ಅನಾಥಾಲಯವನ್ನು ಲೂಟಿ ಮಾಡಿ ಸುಟ್ಟುಹಾಕಿತು. ಒಳಗಿದ್ದ 233 ಮಕ್ಕಳನ್ನು ಸಿಬ್ಬಂದಿ ಹೊರಗೆ ಸಾಗಿಸಿ ಉಳಿಸಿದರು. ಗಲಭೆಯ ನಂತರ ಸ್ಮಿತ್ ಕುಟುಂಬ ಮ್ಯಾನ್‌ಹಟನ್ ಬಿಟ್ಟು ಬ್ರೂಕ್ಲಿನ್ ಕಡೆಗೆ ಹೋಯಿತು. ಹೃದಯದ ಕಾಯಿಲೆ ಉಲ್ಬಣಿಸಿತ್ತು. 1865ರ ನವೆಂಬರ್ 17ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಗುಲಾಮಗಿರಿಯನ್ನು ದೇಶದಾದ್ಯಂತ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿಗೆ ಅಂಗೀಕಾರ ಸಿಕ್ಕಿದ್ದು ಡಿಸೆಂಬರ್ 6ರಂದು. ಮೂರು ವಾರ ಸಾಲದೆ ಹೋಯಿತು.

ಇದೆಲ್ಲ ಹಳೇ ಕಥೆ ಅಂತೀರಾ?

1968ರಲ್ಲಿ, ನಾಗರಿಕ ಹಕ್ಕುಗಳ ಚಳವಳಿಯ ನಡುವೆ, ಅಮೆರಿಕದ ಪ್ರಮುಖ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಬ್ಬರು ವೈದ್ಯರು ‘ಪ್ರತಿಭಟನಾ ಸೈಕೋಸಿಸ್’ ಎಂಬ ಪದ ಬಳಸಿದರು. ಕಪ್ಪು ಜನರ ಚಳವಳಿಯ ಸಿಟ್ಟು ಮತ್ತೆ ಕಾಯಿಲೆಯ ಹೆಸರು ಪಡೆದಿತ್ತು. ಇಂದಿಗೂ ಅಮೆರಿಕದಲ್ಲಿ ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನರಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ಹೇಳುವುದು ಎರಡು ಪಟ್ಟಿಗೂ ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸ್ಕಿಜೋಫ್ರೇನಿಯಾ ಪತ್ತೆಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ವೈದ್ಯರು ಎದುರು ಕೂತು ಮಾತಾಡಿಸಿ, ಮಾತು, ಭಾವ, ನಡವಳಿಕೆ ಗಮನಿಸಿ ನಿರ್ಧರಿಸುತ್ತಾರೆ. ಪೊಲೀಸರನ್ನು ಕಂಡು ನಿಜಕ್ಕೂ ಭಯಪಡುವ ಕಾರಣ ಇರುವವರ ಭಯ ವೈದ್ಯರಿಗೆ ಭ್ರಮೆಯಂತೆ ಕಾಣಬಹುದು. ಖಿನ್ನತೆಯ ಲಕ್ಷಣ ಕಣ್ತಪ್ಪಬಹುದು. ಹಾಗೆಂದು ಕಪ್ಪು ಸಮುದಾಯದಲ್ಲಿ ಮಾನಸಿಕ ಕಾಯಿಲೆಯೇ ಇಲ್ಲ, ಎಲ್ಲ ವೈದ್ಯರ ಕಲ್ಪನೆ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದೂ ತಪ್ಪು. ಬಡತನ, ತಾರತಮ್ಯ, ಹಿಂಸೆ ಮನಸ್ಸಿಗೆ ನಿಜವಾದ ಪೆಟ್ಟು ಕೊಡುತ್ತವೆ, ಸರಿಯಾದ ಚಿಕಿತ್ಸೆ ಸಿಗುವುದೂ ಕಷ್ಟ. ತಪ್ಪು ಹೆಸರಿನ ಕಾಯಿಲೆ ಎಂದರೆ ತಪ್ಪು ಮಾತ್ರೆ, ನಿಜವಾದ ನೋವಿಗೆ ಔಷಧವಿಲ್ಲ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2021ರ ಜನವರಿಯಲ್ಲಿ ಮನೋವೈದ್ಯಕೀಯದಲ್ಲಿನ ಜನಾಂಗಭೇದಕ್ಕೆ, ಅದಕ್ಕೆ ತಾನು ಕೊಟ್ಟ ಬೆಂಬಲಕ್ಕೆ ಅಧಿಕೃತವಾಗಿ ಕ್ಷಮೆ ಕೇಳಿತು.

ಸ್ಮಿತ್ ಮಾತ್ರ ಬಹುಕಾಲ ಮರೆತುಹೋಗಿದ್ದರು. ತೆಳು ಬಣ್ಣದ ಅವರ ಮಕ್ಕಳು ಬಿಳಿಯರಾಗಿಯೇ ಬದುಕಿದರು. ಮುಂದಿನ ತಲೆಮಾರುಗಳಿಗೆ ತಮ್ಮ ಅಜ್ಜನ ಅಜ್ಜ ಯಾರೆಂಬುದೇ ತಿಳಿಯಲಿಲ್ಲ. ಮನೆಯ ಹಳೆಯ ಬೈಬಲ್‌ನಲ್ಲಿದ್ದ ಹೆಸರಿನ ಜಾಡು ಹಿಡಿದು ಸತ್ಯ ಕಂಡುಕೊಂಡ ವಂಶಸ್ಥರು 2010ರಲ್ಲಿ, ಬ್ರೂಕ್ಲಿನ್‌ನ ಸೈಪ್ರೆಸ್ ಹಿಲ್ಸ್ ಸ್ಮಶಾನದಲ್ಲಿ ಗುರುತೂ ಇಲ್ಲದೆ ಇದ್ದ ಅವರ ಸಮಾಧಿಗೆ ಕಲ್ಲು ನಿಲ್ಲಿಸಿದರು. ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್‌ನ ಸದಸ್ಯತ್ವಕ್ಕೆ 1847ರಲ್ಲಿ ಅವರ ಹೆಸರು ಹೋಗಿತ್ತು, ಸಿಕ್ಕಿರಲಿಲ್ಲ. ಅಕಾಡೆಮಿ ಅದನ್ನು ಕೊಟ್ಟಿದ್ದು 2018ರಲ್ಲಿ.