ಸಲೀಂ ಅಲಿಗೆ ದಾರಿ ತೋರಿದ ಪಾದ್ರಿ: ಬಾಂಬೆಯ ಗಿಡಮರಗಳ ಲೆಕ್ಕ ಬರೆದಿಟ್ಟ ಫಾದರ್ ಬ್ಲಾಟರ್

ಅದು 1917ರ ಬಾಂಬೆ. ಬರ್ಮಾದಲ್ಲಿ ಕುಟುಂಬದ ವ್ಯವಹಾರ ನೋಡಿಕೊಳ್ಳಲು ಹೋಗಿ, ಅದು ಕೈಹಿಡಿಯದೆ ಊರಿಗೆ ಮರಳಿದ ಯುವಕನೊಬ್ಬ ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಓದುತ್ತಿದ್ದ. ಓದುತ್ತಿದ್ದುದು ಲೆಕ್ಕವಾದರೂ ಮನಸ್ಸೆಲ್ಲ ಹಕ್ಕಿಗಳ ಹಿಂದೆ. ಇದನ್ನು ಗಮನಿಸಿದವರು ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಒಬ್ಬ ಕ್ರೈಸ್ತ ಪಾದ್ರಿ. ಪ್ರಾಣಿಶಾಸ್ತ್ರ ಓದು ಎಂದು ಅವರು ಆ ಯುವಕನ ಮನವೊಲಿಸಿದರು. ಬೆಳಿಗ್ಗೆ ದಾವರ್ಸ್‌ನಲ್ಲಿ ತರಗತಿ, ಅದು ಮುಗಿದ ಮೇಲೆ ಕ್ಸೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ. ಆ ಯುವಕ ಕೋರ್ಸ್ ಮುಗಿಸಿದ.

ಆ ಯುವಕನ ಹೆಸರು ಸಲೀಂ ಅಲಿ. ಮುಂದೆ ಭಾರತದ ಪಕ್ಷಿತಜ್ಞ ಎಂದು ಜಗತ್ತಿಗೇ ಪರಿಚಿತರಾದವರು. ಆ ಪಾದ್ರಿಯೇ ಎಥೆಲ್‌ಬರ್ಟ್ ಬ್ಲಾಟರ್. ಸಸ್ಯಶಾಸ್ತ್ರ ಓದಿದವರಿಗೆ ಅವರದು ಚಿರಪರಿಚಿತ ಹೆಸರು. ಉಳಿದವರಿಗೆ ಅವರ ಕಥೆ ಅಷ್ಟಾಗಿ ತಿಳಿದಿಲ್ಲ. ಆದರೆ ಆ ಕಥೆಯ ಒಂದು ತುದಿ ಮುಂಬೈನ ಕಾಂಡ್ಲಾ ಕಾಡಿನಲ್ಲಿದ್ದರೆ, ಇನ್ನೊಂದು ತುದಿ ನಮ್ಮ ಉತ್ತರ ಕನ್ನಡದಲ್ಲಿದೆ.

ಸ್ವಿಟ್ಜರ್ಲೆಂಡ್‌ನಿಂದ ಧೋಬಿ ತಲಾವ್‌ಗೆ

ಬ್ಲಾಟರ್ ಹುಟ್ಟಿದ್ದು 1877ರ ಡಿಸೆಂಬರ್ 15ರಂದು, ಸ್ವಿಟ್ಜರ್ಲೆಂಡ್‌ನಲ್ಲಿ. ಹರೆಯದಲ್ಲೇ ಯೇಸು ಸಭೆ ಸೇರಿದರು. ಆಗ ಬಾಂಬೆಯ ಕ್ಯಾಥೊಲಿಕ್ ಮಿಷನ್‌ನ ಹೊಣೆ ಜರ್ಮನ್ ಜೆಸ್ವಿಟ್ ಪಾದ್ರಿಗಳದಾಗಿತ್ತು. ಸೇಂಟ್ ಕ್ಸೇವಿಯರ್ಸ್ ಕಾಲೇಜನ್ನು 1869ರಲ್ಲಿ ಆರಂಭಿಸಿದ್ದೂ ಅವರೇ. 1903ರಲ್ಲಿ ಬ್ಲಾಟರ್ ಅವರನ್ನು ಅದೇ ಕಾಲೇಜಿಗೆ ಪಾಠ ಹೇಳಲು ಕಳುಹಿಸಲಾಯಿತು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು.

ಹಿಮದ ನಾಡಿನಿಂದ ಬಂದ ಆ ತರುಣನಿಗೆ ಇಲ್ಲಿನ ಪ್ರತಿ ಗಿಡವೂ ಹೊಸದು. ಸಮುದ್ರದಂಚಿನ ಕೆಸರಿನಲ್ಲಿ ನಿಂತ ಮರ, ಮಳೆ ಬಿದ್ದ ವಾರದಲ್ಲೇ ಬಂಡೆ ಮೇಲೆ ಅರಳುವ ಹೂವು, ಬೀದಿ ಬದಿಯ ತಾಳೆ. ವಿದ್ಯಾರ್ಥಿಗಳಿಗೆ ಪುಸ್ತಕದಿಂದ ಪಾಠ ಮಾಡುವುದಷ್ಟೇ ಅವರಿಗೆ ಸಾಕಾಗಲಿಲ್ಲ. ಗಿಡಗಳನ್ನು ತಂದು, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ತಂದರು ಎಂದು ಬರೆದಿಡುವ ಕೆಲಸ ಶುರುವಾಯಿತು. ಹೀಗೆ 1906ರಲ್ಲಿ ಹುಟ್ಟಿಕೊಂಡ ಸಸ್ಯಸಂಗ್ರಹ ಇಂದು ಬ್ಲಾಟರ್ ಹರ್ಬೇರಿಯಂ ಎಂದೇ ಹೆಸರಾಗಿದೆ. ಅಲ್ಲಿರುವ ಮಾದರಿಗಳ ಸಂಖ್ಯೆ ಸುಮಾರು 2 ಲಕ್ಷ.

ಕಾಂಡ್ಲಾ ಕಾಡಿನ ಬಗ್ಗೆ 1905ರಲ್ಲೇ ಲೇಖನ

ಬಾಂಬೆಗೆ ಬಂದು ಎರಡೇ ವರ್ಷಕ್ಕೆ, ಅಂದರೆ 1905ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬ್ಲಾಟರ್ ಅವರ ಒಂದು ಲೇಖನ ಪ್ರಕಟವಾಯಿತು. ವಿಷಯ: ಬಾಂಬೆ ಪ್ರಾಂತ್ಯದ ಮ್ಯಾಂಗ್ರೋವ್ ಮತ್ತು ಅದರ ಜೀವನಕ್ರಮ.

ಆ ಕಾಲಕ್ಕೆ ಇದು ಅಪರೂಪದ ಆಯ್ಕೆ. ಕಾಂಡ್ಲಾ ಎಂದರೆ ಬಹುತೇಕರಿಗೆ ಸೊಳ್ಳೆ, ಕೆಸರು, ವಾಸನೆ. ಕಡಿದು ಮಣ್ಣು ತುಂಬಿದರೆ ಸೈಟು. ಏಳು ದ್ವೀಪಗಳನ್ನು ಹೀಗೆ ತುಂಬಿ ತುಂಬಿಯೇ ಬಾಂಬೆ ಬೆಳೆದಿತ್ತು. ಆದರೆ ಆ ಕೆಸರಿನೊಳಗೆ ನಡೆಯುವ ಬದುಕು ಸಾಮಾನ್ಯದ್ದಲ್ಲ. ಉಸಿರಾಟಕ್ಕಾಗಿ ಕೆಸರಿನಿಂದ ಮೇಲಕ್ಕೆ ಮೂತಿ ಚಾಚುವ ಬೇರುಗಳು, ಎಲೆಯ ಮೂಲಕ ಉಪ್ಪನ್ನು ಹೊರಹಾಕುವ ಗಿಡ, ತಾಯಿಮರದಲ್ಲಿ ಇರುವಾಗಲೇ ಮೊಳೆತು ನಂತರ ನೀರಿಗೆ ಬೀಳುವ ಸಸಿ. ಮೀನು, ಸಿಗಡಿ, ಏಡಿಗಳು ಮರಿ ಬೆಳೆಸುವುದು ಈ ಬೇರುಗಳ ನಡುವೆ. ಅದನ್ನೇ ನಂಬಿ ಕೋಳಿ ಮೀನುಗಾರರ ಒಲೆ ಉರಿಯುತ್ತದೆ.

ಈ ಕಾಡಿನ ಬೆಲೆ ಮುಂಬೈಗೆ ಅರ್ಥವಾಗಲು ನೂರು ವರ್ಷ ಬೇಕಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿತು. ಮೀಠಿ ನದಿಯ ಇಕ್ಕೆಲದ ಕಾಂಡ್ಲಾ ಕಾಡು ಮತ್ತು ಜೌಗು ಕಳೆದುಕೊಂಡಿದ್ದೂ ಅನಾಹುತ ಹೆಚ್ಚಲು ಒಂದು ಕಾರಣ ಎಂಬ ಚರ್ಚೆ ಆಗ ಜೋರಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದಕ್ಕೆ ತಡೆ ನೀಡಿತು. 2018ರ ಅಂತಿಮ ತೀರ್ಪಿನಲ್ಲಿ, ಕಾಂಡ್ಲಾ ನಾಶವು ನಾಗರಿಕರ ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸ್ಪಷ್ಟಪಡಿಸಿತು.

ಯುದ್ಧ ಬಂದಾಗ ಖಾಲಿಯಾದ ಕಾಲೇಜು

1909ರಲ್ಲಿ ದೈವಶಾಸ್ತ್ರ ಓದಲು ಬ್ಲಾಟರ್ ಯುರೋಪಿಗೆ ಹೋದರು. ಅಲ್ಲಿಯೂ ಗಿಡಗಳ ನಂಟು ಬಿಡಲಿಲ್ಲ. ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿ ಕೂತು ಅಧ್ಯಯನ ನಡೆಸಿದರು. ಏಡನ್ ಪ್ರದೇಶದ ಸಸ್ಯಗಳ ಕುರಿತ ಅವರ ಕೃತಿ ರೂಪುಗೊಂಡಿದ್ದು ಈ ಅವಧಿಯಲ್ಲಿ.

1915ರಲ್ಲಿ ಮರಳಿ ಬಂದಾಗ ಪರಿಸ್ಥಿತಿ ಬದಲಾಗಿತ್ತು. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಪಾದ್ರಿಗಳು ಈಗ ಶತ್ರುದೇಶದ ಪ್ರಜೆಗಳು. ಹಲವರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು, ಬಳಿಕ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಲಾಯಿತು. ಶಾಲೆ, ಕಾಲೇಜು, ಚರ್ಚ್ ಎಲ್ಲೆಡೆ ಗುರುಗಳ ಕೊರತೆ. ಸ್ವಿಟ್ಜರ್ಲೆಂಡ್ ತಟಸ್ಥ ದೇಶವಾದ್ದರಿಂದ ಬ್ಲಾಟರ್ ಅವರಂಥ ಕೆಲವರು ಉಳಿದುಕೊಂಡರು. ಉಳಿದವರ ಹೆಗಲಿಗೆ ಹೋದವರ ಕೆಲಸವೂ ಬಿತ್ತು.

ಸಲೀಂ ಅಲಿ ಕಾಲೇಜಿನ ಬಾಗಿಲಿಗೆ ಬಂದದ್ದು ಇಂಥ ಸಂಕಷ್ಟದ ದಿನಗಳಲ್ಲೇ ಎಂಬುದು ಗಮನಿಸಬೇಕಾದ ಸಂಗತಿ. ಕೈತುಂಬ ಕೆಲಸವಿದ್ದ ಅಧ್ಯಾಪಕರೊಬ್ಬರು, ಬೇರೆ ಕಾಲೇಜಿನ, ಬೇರೆ ಧರ್ಮದ ಹುಡುಗನ ಆಸಕ್ತಿಯನ್ನು ಗುರುತಿಸಿ ಒಳಗೆ ಕರೆದರು. 1919ರಿಂದ 1924ರವರೆಗೆ ಬ್ಲಾಟರ್ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದರು.

ಆ ಒಂದು ಆಹ್ವಾನದ ಫಲ ಕರ್ನಾಟಕಕ್ಕೂ ಸಿಕ್ಕಿದೆ. ಸಲೀಂ ಅಲಿ ಮುಂದೆ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಅದನ್ನು ಕಾಪಾಡುವಂತೆ ಮೈಸೂರು ಒಡೆಯರ್ ಅವರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಕ್ಯಾಸಲ್‌ರಾಕ್‌ನಲ್ಲಿ ಹುಟ್ಟಿದ ಶಿಷ್ಯ

ಬ್ಲಾಟರ್ ಅವರ ಕೃತಿಗಳಲ್ಲಿ ಅವರ ಪಕ್ಕದಲ್ಲಿ ಹೆಚ್ಚಾಗಿ ಕಾಣುವ ಹೆಸರು ಚಾರ್ಲ್ಸ್ ಮೆಕ್ಯಾನ್. ಇವರು ಹುಟ್ಟಿದ್ದು 1899ರಲ್ಲಿ, ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿರುವ ಕ್ಯಾಸಲ್‌ರಾಕ್‌ನಲ್ಲಿ. ಗುರು ಶಿಷ್ಯರಿಬ್ಬರೂ ಸೇರಿ ಬಾಂಬೆ ಪ್ರಾಂತ್ಯದ ಸಸ್ಯಗಳ ಪಟ್ಟಿಯನ್ನು ಮತ್ತೆ ಪರಿಷ್ಕರಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದರು.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಆಗಿನ ಬಾಂಬೆ ಪ್ರಾಂತ್ಯ ಎಂದರೆ ಇಂದಿನ ಮಹಾರಾಷ್ಟ್ರ, ಗುಜರಾತ್ ಮಾತ್ರವಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡವೂ ಅದರಲ್ಲೇ ಇದ್ದವು. ಕಾರವಾರದಲ್ಲಿ ನೆಲೆಸಿದ್ದ ಅರಣ್ಯಾಧಿಕಾರಿ ಟಿ.ಆರ್. ಬೆಲ್ ಮತ್ತು ಐಸಿಎಸ್ ಅಧಿಕಾರಿ ಎಲ್.ಜೆ. ಸೆಡ್ಜ್‌ವಿಕ್ ಉತ್ತರ ಕನ್ನಡದ ಕಾಡುಗಳಿಂದ ಸಂಗ್ರಹಿಸಿದ ಗಿಡಗಳೂ ಕ್ಸೇವಿಯರ್ಸ್‌ನ ಸಂಗ್ರಹ ಸೇರಿದವು. ಹಾಗಾಗಿ ಮುಂಬೈನ ಆ ಕಪಾಟುಗಳಲ್ಲಿ ಕನ್ನಡ ನೆಲದ ಹಸಿರೂ ಇದೆ.

ಈ ಕೆಲಸ ಒಬ್ಬರಿಂದ ಆದದ್ದಲ್ಲ. ಸಿಂಧೂ ನದಿಯ ಮುಖಜ ಭೂಮಿಯ ಸಸ್ಯಗಳ ಕೃತಿಯಲ್ಲಿ ಮೆಕ್ಯಾನ್ ಜೊತೆ ಸಬ್ನಿಸ್ ಇದ್ದಾರೆ. ಬಾಂಬೆಯ ಜರಿಗಿಡಗಳ ಪುಸ್ತಕದಲ್ಲಿ ಡಿ'ಅಲ್ಮೇಡಾ, ವಜೀರಿಸ್ತಾನದ ಸಸ್ಯಗಳ ಅಧ್ಯಯನದಲ್ಲಿ ಫರ್ನಾಂಡಿಸ್. ಜೊತೆಗೆ ದುಡಿದವರ ಹೆಸರನ್ನು ಮುಖಪುಟದಲ್ಲೇ ಹಾಕುವುದು ಬ್ಲಾಟರ್ ಅವರ ರೂಢಿಯಾಗಿತ್ತು.

ತಾಳೆಯಿಂದ ಹುಲ್ಲಿನವರೆಗೆ

1926ರಲ್ಲಿ ಬ್ರಿಟಿಷ್ ಇಂಡಿಯಾ ಮತ್ತು ಸಿಲೋನ್‌ನ ತಾಳೆ ಜಾತಿಯ ಮರಗಳ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂತು. ತೆಂಗು, ಅಡಿಕೆ, ಈಚಲು, ಬೈನೆ ಎಲ್ಲವೂ ಈ ಕುಟುಂಬದವೇ. ಅದರ ಬೆನ್ನಿಗೇ ಕಾಶ್ಮೀರದ ಹೂಗಳ ಬಗ್ಗೆ ಎರಡು ಸಂಪುಟಗಳು ಬಂದವು. ಸಾಮಾನ್ಯ ಓದುಗರಿಗಾಗಿ ಭಾರತದ ಚೆಲುವಾದ ಮರಗಳ ಬಗ್ಗೆ ಡಬ್ಲ್ಯು.ಎಸ್. ಮಿಲ್ಲರ್ಡ್ ಜೊತೆ ಲೇಖನಮಾಲೆ ಬರೆದರು. ಬಾಲಕ ಸಲೀಂ ಅಲಿ ಹೊಡೆದು ತಂದ ಗುಬ್ಬಚ್ಚಿಯನ್ನು ಗುರುತಿಸಿ ಹಕ್ಕಿಗಳ ಲೋಕಕ್ಕೆ ಕರೆದೊಯ್ದವರು ಇದೇ ಮಿಲ್ಲರ್ಡ್. ಸಲೀಂ ಅಲಿಯ ಬದುಕಿನ ತಿರುವುಗಳಿಗೆ ಕಾರಣರಾದ ಇಬ್ಬರೂ ಒಂದೇ ಪುಸ್ತಕದ ಲೇಖಕರು.

ಮಹಾರಾಷ್ಟ್ರದ ಪಂಚಗಣಿಯ ಬಂಡೆಬಯಲುಗಳೂ ಅವರ ಅಧ್ಯಯನದ ನೆಲ. ಅಲ್ಲಿನ ಒಂದು ಪುಟ್ಟ ಗಿಡಕ್ಕೆ ಬ್ಲಾಟರ್ ಮತ್ತು ಮೆಕ್ಯಾನ್ ಇಟ್ಟ ಹೆಸರು ಯೂಫೋರ್ಬಿಯಾ ಪಂಚಗಣಿಯೆನ್ಸಿಸ್. ಗಿಡದ ಹೆಸರಿನಲ್ಲೇ ಅದರ ಊರನ್ನೂ ಸೇರಿಸಿದರು. ಇಂದು ಪ್ರವಾಸಿಗರ ದಟ್ಟಣೆ ಇರುವ ಆ ಬಯಲು ಹಾಳಾದರೆ, ಹೆಸರು ಉಳಿದೂ ಗಿಡ ಇಲ್ಲದಂತಾಗುತ್ತದೆ.

ಬ್ಲಾಟರ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಉಪಾಧ್ಯಕ್ಷರಾಗಿದ್ದರು. 1932ರಲ್ಲಿ ಏಷ್ಯಾಟಿಕ್ ಸೊಸೈಟಿ ಆಫ್ ಬೆಂಗಾಲ್ ಅವರಿಗೆ ಬ್ರೂಲ್ ಸ್ಮಾರಕ ಪದಕ ನೀಡಿ ಗೌರವಿಸಿತು. 1934ರ ಮೇ 26ರಂದು ಅವರು ನಿಧನರಾದರು. ಆಗ 56 ವರ್ಷ. ಮೆಕ್ಯಾನ್ ಜೊತೆ ಬರೆದ ಬಾಂಬೆಯ ಹುಲ್ಲುಗಳ ಗ್ರಂಥ ಪ್ರಕಟವಾದದ್ದು ಅವರ ಸಾವಿನ ನಂತರ, 1935ರಲ್ಲಿ. ಮರಗಳ ಪುಸ್ತಕ 1937ರಲ್ಲಿ ಬಂತು.

ಚರ್ಚ್ ಅಂಗಳದಲ್ಲಿ ಹಸಿರು

ಪಾದ್ರಿಗೂ ಗಿಡಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಮುಂಬೈನ ಚರ್ಚ್‌ಗಳ ವರ್ಷದ ಲೆಕ್ಕವೇ ಉತ್ತರ. ಗರಿಗಳ ಭಾನುವಾರ ಭಕ್ತರ ಕೈಯಲ್ಲಿರುವುದು ಗರಿ. ನಗರದ ಮೂಲನಿವಾಸಿಗಳಾದ ಈಸ್ಟ್ ಇಂಡಿಯನ್ ಕ್ರೈಸ್ತರು ಅಕ್ಟೋಬರ್‌ನ ಅಗೇರಾ ಹಬ್ಬದಂದು ಹೊಸ ಭತ್ತದ ತೆನೆಯನ್ನು ಚರ್ಚ್‌ಗೆ ತಂದು ಆಶೀರ್ವಾದ ಪಡೆಯುತ್ತಾರೆ. ಮುಂಬೈಗೆ ವಲಸೆ ಹೋದ ಮಂಗಳೂರು ಕ್ರೈಸ್ತರಿಗೆ ಸೆಪ್ಟೆಂಬರ್ 8 ಮೊಂತಿ ಫೆಸ್ತ್. ಅಂದೂ ಹೊಸ ತೆನೆ ಮನೆಗೆ ಬರುತ್ತದೆ. ಅದೇ ಹೊತ್ತಿಗೆ ಬಾಂದ್ರಾದ ಮೌಂಟ್ ಮೇರಿ ಜಾತ್ರೆ. ಅಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ ಎನ್ನದೆ ಎಲ್ಲರೂ ಗುಡ್ಡ ಹತ್ತಿ ಮೇಣದಬತ್ತಿ ಹಚ್ಚುತ್ತಾರೆ.

ಪೋಪ್ ಫ್ರಾನ್ಸಿಸ್, ಅವರೂ ಜೆಸ್ವಿಟ್, 2015ರಲ್ಲಿ ಲೌದಾತೊ ಸಿ ಎಂಬ ವಿಶ್ವಪತ್ರ ಹೊರಡಿಸಿ ಭೂಮಿಯನ್ನು ಎಲ್ಲರ ಸಮಾನ ಮನೆ ಎಂದು ಕರೆದರು. ಮುಂಬೈ ಮಹಾಧರ್ಮಪ್ರಾಂತ್ಯದಲ್ಲಿ ಇಂದು ಪರಿಸರಕ್ಕಾಗಿಯೇ ಪ್ರತ್ಯೇಕ ಕಚೇರಿ ಇದೆ. ಈ ಮಾತು, ಈ ಕಚೇರಿ ಬರುವುದಕ್ಕೆ ದಶಕಗಳ ಮುಂಚೆಯೇ ಬ್ಲಾಟರ್ ತಮ್ಮ ಪಾಲಿನ ಕೆಲಸ ಮುಗಿಸಿ ಹೋಗಿದ್ದರು.

ಹಳೆಯ ಹಾಳೆಗಳಿಗೆ ಈಗ ಏನು ಬೆಲೆ?

ಒಣಗಿದ ಗಿಡದ ಹಾಳೆ ನೋಡಲು ಸಪ್ಪೆ. ಆದರೆ ಅದೊಂದು ಸಾಕ್ಷಿ. ಈ ಜಾಗದಲ್ಲಿ, ಈ ದಿನ, ಈ ಗಿಡವಿತ್ತು ಎಂಬುದಕ್ಕೆ ದಾಖಲೆ. ಕಟ್ಟಡವೆದ್ದ ಜಾಗದಲ್ಲಿ ಹಿಂದೆ ಏನಿತ್ತು ಎಂದು ಕೇಳಿದರೆ ಉತ್ತರ ಹೇಳುವುದು ಇಂಥ ಹಾಳೆಗಳೇ. ಬ್ಲಾಟರ್ ನಂತರ ಸ್ಪೇನ್‌ನಿಂದ ಬಂದ ಇನ್ನೊಬ್ಬ ಪಾದ್ರಿ ಫಾದರ್ ಸಂತಪಾವ್ ಈ ಸಂಗ್ರಹಕ್ಕೆ ಮರುಜೀವ ಕೊಟ್ಟರು. ಅವರು ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿ, 1967ರಲ್ಲಿ ಪದ್ಮಶ್ರೀ ಪಡೆದರು.

ಬ್ಲಾಟರ್ ಓಡಾಡಿದ ಪ್ರಾಂತ್ಯದ ಕೆಸರು ನೆಲಗಳಿಗೆ ಈಗ ಹೊಸ ಮಾನ್ಯತೆ ಸಿಗುತ್ತಿದೆ. ಥಾಣೆ ಖಾರಿ 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ರಂಗನತಿಟ್ಟು ಸೇರಿದ್ದೂ ಅದೇ ವರ್ಷ. ಕಾಂಡ್ಲಾ ಕಾಡಿಗೆ ಹೆಸರಾದ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಪಟ್ಟಿಗೆ ಬಂತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಮುಂಬೈನಲ್ಲಿ ಇಂದಿಗೂ ರಸ್ತೆ, ಸೇತುವೆ, ರೈಲು ಯೋಜನೆಗಳಿಗಾಗಿ ಕಾಂಡ್ಲಾ ಕಡಿಯಲು ಅನುಮತಿ ಕೋರುವ ಅರ್ಜಿಗಳು ಹೈಕೋರ್ಟ್ ಮುಂದೆ ಬರುತ್ತಲೇ ಇವೆ. ಪ್ರತಿ ಬಾರಿಯೂ ಎಷ್ಟು ಮರ, ಯಾವ ಮರ ಎಂಬ ಲೆಕ್ಕ ಬೇಕಾಗುತ್ತದೆ. ಆ ಲೆಕ್ಕವನ್ನು ಮೊದಲು ಬರೆಯಲು ಕೂತವರಲ್ಲಿ ಧೋಬಿ ತಲಾವ್‌ನ ಈ ಪಾದ್ರಿಯೂ ಒಬ್ಬರು.