ಯಮುನೆಯ ನೀರು ಸೋಸಿದ ಹ್ಯಾಂಕಿನ್

ದಿಲ್ಲಿಯಿಂದ ನೋಯ್ಡಾದ ಆಫೀಸಿಗೆ ಹೋಗುವಾಗ ಕಾಳಿಂದಿ ಕುಂಜ್ ಬಳಿ ಯಮುನೆಯ ನೊರೆ ಕಂಡರೆ ನನಗೆ ಅರ್ನೆಸ್ಟ್ ಹ್ಯಾಂಕಿನ್ ನೆನಪಾಗುತ್ತಾರೆ. 1865ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇಂಬ್ರಿಡ್ಜ್‌ನಲ್ಲಿ ಓದಿ, ಇದೇ ನದಿಯ ದಂಡೆಯ ಆಗ್ರಾದಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರಾದವರು. ಕಾಲರಾ ತಡೆಯಲು ಬಾವಿಗಳಿಗೆ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿಸಿದವರು.

1896ರಲ್ಲಿ ಅವರು ಪ್ರಕಟಿಸಿದ ಸಂಗತಿ ವಿಚಿತ್ರವಾಗಿತ್ತು. ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಸಾಯುತ್ತಿತ್ತು. ನೀರನ್ನು ಎಷ್ಟು ನುಣ್ಣಗೆ ಸೋಸಿದರೂ ಆ ಗುಣ ಉಳಿಯುತ್ತಿತ್ತು, ಕುದಿಸಿದರೆ ಹೋಗುತ್ತಿತ್ತು. ಆವಿಯಾಗುವ ಯಾವುದೋ ರಾಸಾಯನಿಕ ಇರಬೇಕೆಂದುಕೊಂಡರು. ಬ್ಯಾಕ್ಟೀರಿಯಾ ಕೊಲ್ಲುವ ವೈರಸ್‌ಗೆ ಬ್ಯಾಕ್ಟೀರಿಯೊಫೇಜ್ ಎಂಬ ಹೆಸರು ಬಂದದ್ದು 1917ರಲ್ಲಿ; ಹ್ಯಾಂಕಿನ್ ಕಂಡದ್ದು ಅದನ್ನೇ ಎಂಬುದು ಆಮೇಲಿನವರ ತರ್ಕ.

ಅವರು ಹಕ್ಕಿಗಳ ಹಾರಾಟದ ಮೇಲೂ ಪುಸ್ತಕ ಬರೆದರು, ಮೊಘಲ್ ಕಟ್ಟಡಗಳ ವಿನ್ಯಾಸಗಳ ರೇಖಾಗಣಿತವನ್ನೂ ಬಿಡಿಸಿದರು. (ಕೋಡ್ ಬರೆಯುವ ನನಗೆ ಇದೇ ಹೆಚ್ಚು ಇಷ್ಟ.) 1939ರಲ್ಲಿ ತೀರಿಕೊಂಡರು.

ಕಾಲರಾ ಬ್ಯಾಕ್ಟೀರಿಯಾದ ಸಹಜ ನೆಲೆ ಅಳಿವೆ, ಕಡಲತೀರದ ಉಪ್ಪುನೀರು. ಸರಿಯಾಗಿ ನೂರು ವರ್ಷದ ನಂತರ, 1996ರಲ್ಲಿ, ವಾಲ್ಡರ್ ಮತ್ತು ಮೆಕಾಲನೋಸ್ ಇನ್ನೊಂದು ಸಂಗತಿ ತೋರಿಸಿದರು: ಅದರ ವಿಷದ ಜೀನ್ ಅದರದ್ದಲ್ಲ, ಸುಮಾರು 7,000 ಅಕ್ಷರಗಳ ಒಂದು ಫೇಜ್ ಜೀನೋಮ್ ಹೊತ್ತು ತಂದದ್ದು. ಕೊಲ್ಲುವ ಫೇಜ್ ಬೇರೆ, ವಿಷ ಕೊಡುವ ಫೇಜ್ ಬೇರೆ. ಹ್ಯಾಂಕಿನ್ ಸೋಸಿದ ನೀರಿನಲ್ಲಿ ಎರಡೂ ಇದ್ದಿರಬಹುದು.